ಮುಳುಗಿದ ಧಂದೆಯ ಲೆಕ್ಕ

ವ್ಯಾಪಾರದಲ್ಲಿ ಗೆದ್ದವರ ಚರಿತ್ರೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟು ಬಂದು ಲಕ್ಷಾಧೀಶರಾದವರ ಕಥೆಗಳನ್ನು ಸಭೆ ಸಮಾರಂಭಗಳಲ್ಲಿ ಕೇಳಿ ಕೇಳಿ ನಮ್ಮ ಕಿವಿಗಳು ತುಂಬಿಹೋಗಿವೆ. ಸೋತ ಧಂದೆಗಳ ಚರಿತ್ರೆಯನ್ನು ಹೇಳುವವರು ಕಡಿಮೆ. ಹೇಳಿದರೂ ಅದು ಶೇಟಜಿಯ ಗಾದಿಯ ಮೇಲೆ ಕುಳಿತು ಹೇಳಿದ ಚರಿತ್ರೆಯಾಗಿರುತ್ತದೆ. ಎಷ್ಟು ಕೋಟಿ ಹೋಯಿತು, ಯಾವ ಬ್ಯಾಂಕು ಕುಸಿಯಿತು, ಶೇರಿನ ಬೆಲೆ ಎಲ್ಲಿಗೆ ಇಳಿಯಿತು ಎಂಬುದೆಲ್ಲ ಅದರಲ್ಲಿರುತ್ತದೆಯೇ ಹೊರತು, ಆ ಗಿರಣಿಯ ರಾತ್ರಿಪಾಳಿಯವರು ಮರುದಿನ ಎಲ್ಲಿಗೆ ಹೋದರು, ಗಿರಣಿಯ ಗೇಟಿನೆದುರು ಚಹ ಮಾರುತ್ತಿದ್ದವನ ಉದರಿ ಬಾಕಿ ಯಾರು ತೀರಿಸಿದರು ಎಂಬ ಮಾತು ಅದರಲ್ಲಿ ಬರುವುದಿಲ್ಲ.

ಕತಾರ್‌ಗಾಮಿನಲ್ಲಿ ಕುಳಿತು ಈ ಮಾತನ್ನೆತ್ತಲು ಕಾರಣವಿದೆ. ಇಲ್ಲಿ ಒಂದು ಗಲ್ಲಿಯಲ್ಲಿ ವಜ್ರ ಉಜ್ಜುವ ಕಾರ್ಖಾನೆಯಾದರೆ ಮುಂದಿನ ಗಲ್ಲಿಯಲ್ಲಿ ಪವರ್‌ಲೂಮು, ಅದರಾಚೆ ಸೀರೆಗೆ ಕಸೂತಿ ಹಾಕುವ ಯಂತ್ರ. ಇವೆಲ್ಲವುಗಳ ನಡುವೆ ಬೆಳಗಿನ ಐದಕ್ಕೆ ಒಲೆ ಹಚ್ಚುವ ಹೊಟೇಲು. ಈ ನಾಲ್ಕರಲ್ಲಿ ಒಂದಕ್ಕೆ ಜ್ವರ ಬಂದರೆ ನಾಲ್ಕಕ್ಕೂ ಮೈ ಬಿಸಿಯಾಗುತ್ತದೆ. 2024ರ ಆಗಸ್ಟಿನಲ್ಲಿ ಸೂರತ್ತಿನ ಒಂದು ದೊಡ್ಡ ವಜ್ರ ಸಂಸ್ಥೆಯು ತನ್ನ 50,000 ಕೆಲಸಗಾರರಿಗೆ ಒಮ್ಮೆಗೇ 10 ದಿನಗಳ ರಜೆ ಸಾರಿತು. ಹಬ್ಬದ ರಜೆಯಲ್ಲ, ಮಾಲಿಗೆ ಗಿರಾಕಿಯಿಲ್ಲದ ರಜೆ. ಗಣಿಯ ವಜ್ರಕ್ಕೆ ಪರದೇಶದಲ್ಲಿ ಬೇಡಿಕೆ ತಗ್ಗಿತ್ತು. ಪ್ರಯೋಗಶಾಲೆಯಲ್ಲಿ ಬೆಳೆಸಿದ ವಜ್ರ ಅಗ್ಗದಲ್ಲಿ ಮಾರುಕಟ್ಟೆಗೆ ಬಂದಿತ್ತು. ಆ ದಿನಗಳಲ್ಲಿ ಇಡ್ಲಿಯ ತಟ್ಟೆಗಳೂ ಕಡಿಮೆಯಾಗುತ್ತವೆ ಎಂಬುದನ್ನು ನಮ್ಮ ಹೊಟೇಲು ಬಾಂಧವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಇದು ಈ ಊರಿಗೆ ಹೊಸದೂ ಅಲ್ಲ. ಹಿಂದೂಸ್ಥಾನದ ಮೊಟ್ಟಮೊದಲ ಶೇರು ಹುಚ್ಚಿನ ನಾಯಕ ಹುಟ್ಟಿದ್ದು ಇದೇ ಸೂರತ್ತಿನಲ್ಲಿ. ಪ್ರೇಮಚಂದ ರಾಯಚಂದರು 1831ರಲ್ಲಿ ಇಲ್ಲಿ ಹುಟ್ಟಿ ಮುಂಬಯಿಯಲ್ಲಿ ಹತ್ತಿಯ ರಾಜರೆನಿಸಿದರು. 1861ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿಯ ಹತ್ತಿ ಲ್ಯಾಂಕಾಶಾಯರದ ಗಿರಣಿಗಳಿಗೆ ಬರುವುದು ನಿಂತುಹೋಯಿತು. ನಮ್ಮ ದೇಶದ ಹತ್ತಿಗೆ ಚಿನ್ನದ ಬೆಲೆ ಬಂತು. ಜನರು ಹಾಸಿಗೆಗಳನ್ನು ಬಿಚ್ಚಿ ಅದರೊಳಗಿನ ಹತ್ತಿಯನ್ನು ಸಹ ಮಾರಿದರೆಂದು ಆ ಕಾಲವನ್ನು ವರ್ಣಿಸಿದವರು ಹೇಳುತ್ತಾರೆ. ಬಂದ ಹಣ ಸುಮ್ಮನೆ ಕುಳಿತೀತೇ? ಸಮುದ್ರವನ್ನು ತುಂಬಿ ನೆಲ ಮಾಡುತ್ತೇವೆಂದು ಬ್ಯಾಕ್‌ಬೇ ಕಂಪನಿ ಎದ್ದಿತು. ಅದರ 5,000 ರೂಪಾಯಿಯ ಶೇರು 50,000ದ ವರೆಗೆ ಏರಿತು. ಸಮುದ್ರವಿನ್ನೂ ಸಮುದ್ರವಾಗಿಯೇ ಇತ್ತು! 1865ರ ಏಪ್ರಿಲಿನಲ್ಲಿ ಅಮೇರಿಕದ ಯುದ್ಧ ಮುಗಿದ ಸುದ್ದಿ ಬಂತು, ಹತ್ತಿಯ ಬೆಲೆ ಬಿತ್ತು, ಜುಲೈ 1ರ ವಾಯಿದೆಯ ದಿನ ಯಾರಲ್ಲಿಯೂ ಕೊಡಲು ಹಣವಿರಲಿಲ್ಲ. 2,850 ರೂಪಾಯಿ ಕಂಡಿದ್ದ ಬ್ಯಾಂಕ್ ಆಫ್ ಬಾಂಬೆಯ ಶೇರು 87ಕ್ಕೆ ಇಳಿಯಿತು. 1868ರಲ್ಲಿ ಆ ಬ್ಯಾಂಕನ್ನೇ ಮುಚ್ಚಬೇಕಾಯಿತು.

ಪ್ರೇಮಚಂದರ ಕೊಡುಗೆಯಿಂದ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಅವರ ತಾಯಿಯ ಹೆಸರಿನ ರಾಜಾಬಾಯಿ ಗೋಪುರ ಎದ್ದು ನಿಂತಿದೆ. ಗಂಟೆ ಹೊಡೆಯುತ್ತಲೇ ಇದೆ. ಅವರು ಸೋತು ಮತ್ತೆ ಚೇತರಿಸಿಕೊಂಡರು. ಅದು ದೊಡ್ಡವರ ಲಕ್ಷಣ. ಅವರಿಗೆ ಮರಳಿ ಏಳಲು ಹಿಡಿದುಕೊಳ್ಳುವ ಹಗ್ಗಗಳಿರುತ್ತವೆ. ಹತ್ತಿಯ ದೊಕ್ಕಡಿ ಹೊತ್ತವನಿಗೆ, ಜಿನ್ನು ತಿರುಗಿಸಿದವನಿಗೆ ಯಾವ ಹಗ್ಗವಿತ್ತು?

ನಮ್ಮ ಊರ ಕಡೆಯದೂ ಒಂದು ಕಥೆ ಇದೇ ಹತ್ತಿಯ ಎಳೆಯಲ್ಲಿದೆ. ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರದಿಂದ ಮುಂಬಯಿಗೆ ಹೋಗುತ್ತಿದ್ದ ಕಾಲ. ಮುಂಬಯಿಯ ದಲಾಲರನ್ನು ದಾಟಿ ನೇರವಾಗಿ ವಿಲಾಯತಿಗೆ ಹತ್ತಿಯನ್ನು ಒಯ್ಯಬೇಕೆಂದು 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿಯೆಂಬುದು ಹುಟ್ಟಿತು. ಕಾರವಾರದ ಎದುರು ದಂಡೆಯ ಸದಾಶಿವಗಡದಲ್ಲಿ ನೆಲೆಯೂರಲು ಅದು ಹವಣಿಸಿತು. ಹತ್ತಿ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ತಂದದ್ದೂ ಆಯಿತು. ಆದರೆ ಇಳಿಸಲು ಧಕ್ಕೆಯಿಲ್ಲ, ಘಟ್ಟದ ರಸ್ತೆ ಮುಗಿದಿಲ್ಲ. ಸರಕಾರ ಮಾತು ತಪ್ಪಿತೆಂದು ಕಂಪನಿ, ಕಂಪನಿಗೆ ತಾಳ್ಮೆಯಿಲ್ಲವೆಂದು ಸರಕಾರ! ಕೆಲವೇ ವರ್ಷಗಳಲ್ಲಿ ಕಂಪನಿ ಮುಗಿಯಿತು. ಹತ್ತಿ ಇದ್ದಿತು, ಹಣವಿದ್ದಿತು, ಕೊಳ್ಳುವವರಿದ್ದರು; ನಡುವಿನ ದಾರಿ ಇರಲಿಲ್ಲ. ಧಂದೆಗಳು ಹೀಗೂ ಸಾಯುತ್ತವೆ.

ಈಗ ಅಹಮದಾಬಾದಿಗೆ ಬರೋಣ. ಗಿರಣಿಯವರಾದ ನಮಗೆ ಅದಕ್ಕಿಂತ ದೊಡ್ಡ ಪಾಠಶಾಲೆ ಬೇರೆಯಿಲ್ಲ. ರಣಛೋಡಲಾಲ ಛೋಟಾಲಾಲರು 1861ರ ಮೇ 30ರಂದು ಅಲ್ಲಿಯ ಮೊದಲ ಗಿರಣಿಯನ್ನು 2,500 ಕದಿರು ಮತ್ತು 65 ಕೆಲಸಗಾರರಿಂದ ಶುರುಮಾಡಿದರು. ಮುಂದೆ ಆ ಊರು ಹಿಂದೂಸ್ಥಾನದ ಮ್ಯಾಂಚೆಸ್ಟರ್ ಎನಿಸಿತು. 1918ರಲ್ಲಿ ಪ್ಲೇಗಿನ ಬೋನಸ್ಸನ್ನು ನಿಲ್ಲಿಸಿದಾಗ ಗಿರಣಿಗಾರರು ಗಾಂಧೀಜಿಯವರ ಮುಂದಾಳುತನದಲ್ಲಿ ಶೇಕಡಾ 35ರ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದರು. ಗಾಂಧೀಜಿ ಉಪವಾಸ ಕುಳಿತರು. ಆನಂದಶಂಕರ ಧ್ರುವರ ಪಂಚಾಯ್ತಿಯಲ್ಲಿ 35 ದಕ್ಕಿತು. 1920ರಲ್ಲಿ ಅನಸೂಯಾಬೆನ್ ಸಾರಾಭಾಯಿಯವರ ಮುಂದಾಳುತನದಲ್ಲಿ ಮಜೂರ ಮಹಾಜನ ಸ್ಥಾಪನೆಯಾಯಿತು. ಜಗಳವಾದರೆ ಪಂಚರ ಮುಂದೆ, ಬೀದಿಗಿಳಿಯುವುದು ಕಟ್ಟಕಡೆಗೆ — ಇದು ಆ ಊರಿನ ರೀತಿಯಾಯಿತು.

ಗಿರಣಿಗಳು ಮುಚ್ಚಿದ್ದು ಕೂಲಿಕಾರರ ಕಾಟದಿಂದ ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ! ಮುಂಬಯಿಯಲ್ಲಿ 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಎರಡೂವರೆ ಲಕ್ಷ ಗಿರಣಿಗಾರರು ಹೊರಬಂದರು, ಅದರಿಂದಲೇ ಗಿರಣಿಗಳು ಸತ್ತವು ಎಂದು ಇಂದಿಗೂ ಬರೆಯುವವರಿದ್ದಾರೆ. ಆ ಮುಷ್ಕರ ನಡೆದ ರೀತಿಯಲ್ಲಿ ತಪ್ಪುಗಳಿರಲಿಲ್ಲವೆಂದು ನಾವು ವಾದಿಸುವುದಿಲ್ಲ. ಆದರೆ ಅಹಮದಾಬಾದಿನಲ್ಲಿ ಅಂಥ ಮುಷ್ಕರ ಆಗಲೇ ಇಲ್ಲವಲ್ಲ? ಅಲ್ಲಿ ಮಹಾಜನವಿತ್ತು, ಪಂಚಾಯ್ತಿಯಿತ್ತು, ಶೇಟರ ಹೆಸರನ್ನು ಗೌರವದಿಂದ ಎತ್ತುವ ಕೂಲಿಕಾರರಿದ್ದರು. ಆದರೂ 1980ರ ದಶಕದಿಂದ ಒಂದಾದಮೇಲೊಂದು ಭೋಂಗಾ ನಿಂತಿತು. ಇಪ್ಪತ್ತು ವರ್ಷಗಳೊಳಗೆ ಲಕ್ಷಕ್ಕೂ ಮಿಕ್ಕಿದ ಗಿರಣಿಗಾರರು ಗೇಟಿನ ಹೊರಗೆ ಬಿದ್ದರು. ಜಗಳವಾಡಿದ ಊರಿಗೂ ಆಡದ ಊರಿಗೂ ಒಂದೇ ಗತಿಯಾದ ಮೇಲೆ ದೋಷ ಬೇರೆಲ್ಲೋ ಇರಬೇಕಲ್ಲವೇ?

ಎಲ್ಲಿತ್ತೆಂಬುದು ಗುಟ್ಟೇನಲ್ಲ. ಜನರು ಹತ್ತಿಯ ಧೋತರ ಬಿಟ್ಟು ಟೆರಿಲೀನ್, ಪಾಲಿಯೆಸ್ಟರ್ ಹಿಡಿದರು. ಒಗೆದು ಹಾಕಿದರೆ ಇಸ್ತ್ರಿ ಬೇಡ, ಹರಿಯುವುದೂ ಇಲ್ಲ. ಗಿರಣಿಗಳು ಅಜ್ಜನ ಕಾಲದ ಮಗ್ಗಗಳಲ್ಲಿ ಅದೇ ಕೋರಾ ಬಟ್ಟೆ ನೇಯುತ್ತ ಕುಳಿತವು. ಗಿರಣಿಯಲ್ಲಿ ಹುಟ್ಟಿದ ಲಾಭವನ್ನು ಗಿರಣಿಗೆ ಹಾಕದೆ ರಾಸಾಯನಿಕ, ಔಷಧಿ, ಜಮೀನುಗಳಿಗೆ ಒಯ್ದ ಮನೆತನಗಳು ಹಲವು. 1880ರಲ್ಲಿ ಸ್ಥಾಪಿತವಾದ ಕ್ಯಾಲಿಕೊ ಗಿರಣಿಯ ಹೆಸರು ದೇಶಕ್ಕೆಲ್ಲ ಗೊತ್ತಿತ್ತು. ಅದರ ಸೀರೆ, ಚಾದರುಗಳನ್ನು ಮಾರಲು 1960ರ ದಶಕದಲ್ಲಿ ಗುಮ್ಮಟಾಕಾರದ ಚೆಂದದ ಅಂಗಡಿಯನ್ನೇ ಕಟ್ಟಿದ್ದರು. ಗಿರಣಿ ಮುಚ್ಚಿತು, 2001ರ ಭೂಕಂಪದಲ್ಲಿ ಗುಮ್ಮಟವೂ ಬಿತ್ತು. ಹಳೆಯ ಬಟ್ಟೆಗಳ ವಸ್ತುಸಂಗ್ರಹಾಲಯ ಮಾತ್ರ ಉಳಿದಿದೆ. ನೋಡಬೇಕಾದದ್ದೇ, ಸಂಶಯವಿಲ್ಲ. ಆದರೆ ಅಲ್ಲಿ ತೂಗುಹಾಕಿದ ಬಟ್ಟೆಗಳ ಕೆಳಗೆ ನೇಯ್ದವನ ಪ್ರಾವಿಡೆಂಟ್ ಫಂಡಿನ ನಂಬರು ಇಲ್ಲ.

ಇಲ್ಲೊಂದು ಕಹಿಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅಹಮದಾಬಾದಿನ ಗಿರಣಿಯ ಕೆಲಸವನ್ನು ಕಸಿದುಕೊಂಡವರಲ್ಲಿ ಸೂರತ್ತಿನ ಪವರ್‌ಲೂಮೂ ಒಂದು. ಆ ಪವರ್‌ಲೂಮಿನಲ್ಲಿ ಅನ್ನ ಕಂಡುಕೊಂಡವರಲ್ಲಿ ನಾವೂ ಸೇರಿದ್ದೇವೆ. ಗಿರಣಿಯಲ್ಲಿ ಎಂಟು ತಾಸಿನ ಪಾಳಿ, ರಜೆ, ಬೋನಸ್, ಫಂಡು ಇದ್ದವು. ಪವರ್‌ಲೂಮಿನಲ್ಲಿ ಹನ್ನೆರಡು ತಾಸಿನ ಪಾಳಿ, ಮೀಟರಿನ ಲೆಕ್ಕದ ಕೂಲಿ. ಒಂದೇ ಮಾಡಿನ ಕೆಳಗಿನ ಮಗ್ಗಗಳನ್ನು ಕಾಗದದ ಮೇಲೆ ನಾಲ್ಕು ಹೆಸರುಗಳಿಗೆ ಹಂಚಿ ಫ್ಯಾಕ್ಟರಿ ಕಾಯಿದೆಯಿಂದ ತಪ್ಪಿಸಿಕೊಳ್ಳುವ ಉಪಾಯ ಇಲ್ಲಿ ಯಾರಿಗೆ ತಿಳಿಯದು? ಸೂರತ್ತಿನ ಮಾಲು ಅಗ್ಗವಾದದ್ದು ಬರಿಯ ಜಾಣತನದಿಂದಲ್ಲ. ಒಂದು ಊರಿನ ಗಿರಣಿಗಾರನ ಸೋಲು ಇನ್ನೊಂದು ಊರಿನವನ ಕೆಲಸವಾಯಿತು, ಆದರೆ ಕೆಲಸ ಬರುವಾಗ ಅದರೊಡನಿದ್ದ ಹಕ್ಕುಗಳು ದಾರಿಯಲ್ಲಿಯೇ ಉದುರಿಹೋದವು. ಒರಿಯಾ ಬಾಂಧವರೂ ಆಂಧ್ರದವರೂ ನಾವೂ ಅದೇ ಉದುರಿದ ಹಕ್ಕುಗಳ ಮೇಲೆ ನಿಂತು ಮಗ್ಗ ನಡೆಸುತ್ತಿದ್ದೇವೆ.

ಸೂರತ್ತಿನವರೂ ಅಜರಾಮರರಲ್ಲ. ಗಾರ್ಡನ್ ವರೇಲಿಯ ಸೀರೆಯೆಂದರೆ ಒಂದು ಕಾಲದಲ್ಲಿ ಮಾಸಪತ್ರಿಕೆಗಳ ಬಣ್ಣದ ಪುಟವೆಲ್ಲ ಅದೇ. ಊರಿನಲ್ಲಿ ಅಕ್ಕ ತಂಗಿಯರು ಕಾಗದ ಬರೆದು ತರಿಸಿಕೊಳ್ಳುತ್ತಿದ್ದ ಸೀರೆ. ಆ ಗಾರ್ಡನ್ ಸಿಲ್ಕ್ ಮಿಲ್ಸ್ 2020ರಲ್ಲಿ ದಿವಾಳಿ ಕಾಯಿದೆಯ ಕಟಕಟೆ ಹತ್ತಿ, 2021ರಲ್ಲಿ ಬೇರೆಯವರ ಕೈಸೇರಿತು. ಯಂತ್ರಗಳು ನಿಲ್ಲಲಿಲ್ಲವೆಂಬುದೇ ಸಮಾಧಾನ.

ಗಿರಣಿಯ ಮಾತಾಯಿತು. ಇದೇ ಗುಜರಾತದಲ್ಲಿ ನಮ್ಮ ಕಣ್ಣೆದುರಿಗೇ ಸೋತ ಇನ್ನೊಂದು ಮಾಲು ನ್ಯಾನೋ ಮೋಟಾರು. ಸ್ಕೂಟರಿನ ಮೇಲೆ ಗಂಡ, ಹೆಂಡತಿ, ಇಬ್ಬರು ಮಕ್ಕಳು ಮಳೆಯಲ್ಲಿ ನೆನೆದು ಹೋಗುವುದನ್ನು ಕಂಡು ರತನ್ ಟಾಟಾರವರಿಗೆ ಹೊಳೆದದ್ದು ಅದು. ಒಂದು ಲಕ್ಷ ರೂಪಾಯಿಗೆ ಮೋಟಾರು! 2008ರ ಜನವರಿಯಲ್ಲಿ ದಿಲ್ಲಿಯಲ್ಲಿ ತೋರಿಸಿದಾಗ ಲೋಕವೆಲ್ಲ ಬೆರಗಾಯಿತು. ಬಂಗಾಲದ ಸಿಂಗೂರಿನಲ್ಲಿ ರೈತರ ಜಮೀನಿನ ಜಗಳವೆದ್ದು ಅದೇ ವರ್ಷದ ಅಕ್ಟೋಬರಿನಲ್ಲಿ ಕಾರ್ಖಾನೆ ಅಹಮದಾಬಾದಿನ ಸಾಣಂದಕ್ಕೆ ಬಂತು. 2009ರಲ್ಲಿ ಮಾರಾಟಕ್ಕೆ ತೆರೆದಾಗ ಎರಡು ಲಕ್ಷಕ್ಕೂ ಹೆಚ್ಚು ಜನರು ಮುಂಗಡ ಕಟ್ಟಿದರು. 2010ರ ಜೂನಿನಲ್ಲಿ ತೆರೆದ ಸಾಣಂದದ ಕಾರ್ಖಾನೆಗೆ ವರ್ಷಕ್ಕೆ ಎರಡೂವರೆ ಲಕ್ಷ ಗಾಡಿಗಳನ್ನು ಮಾಡುವ ತಾಕತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಮಾರಿದ 2011-12ರಲ್ಲಿಯೂ ಮಾರಾಟ 75,000 ಮುಟ್ಟಲಿಲ್ಲ. 2018ರ ಜೂನ್ ತಿಂಗಳಿಡೀ ತಯಾರಾದದ್ದು ಒಂದೇ ಒಂದು ಗಾಡಿ.

ಏಕೆ ಸೋತಿತು? ಕೆಲವು ಗಾಡಿಗಳಿಗೆ ಬೆಂಕಿ ಹತ್ತಿದ ಸುದ್ದಿ ಹಬ್ಬಿತು. ಸಿಂಗೂರಿನ ಗೊಂದಲದಲ್ಲಿ ಕಾಲ ಹೋಯಿತು. ಕೈಗೆ ಬರುವಾಗ ಬೆಲೆ ಲಕ್ಷ ದಾಟಿತ್ತು. ಇವೆಲ್ಲ ಇದ್ದರೂ ಮೂಲವ್ಯಾಧಿ ಬೇರೆ. ‘ಎಲ್ಲಕ್ಕಿಂತ ಅಗ್ಗದ ಗಾಡಿ’ ಎಂದು ಡಂಗುರ ಸಾರಿದ್ದೇ ತಪ್ಪಾಯಿತೆಂದು ಟಾಟಾರವರೇ ಮುಂದೆ ಒಪ್ಪಿಕೊಂಡರು. ಇದನ್ನು ತಿಳಿಯಲು ದೊಡ್ಡ ದೊಡ್ಡ ಸಲಹೆಗಾರರು ಬೇಕಿರಲಿಲ್ಲ. ಬಡವನು ಮೋಟಾರು ಕೊಳ್ಳುವುದು ತಾನು ಬಡವನೆಂದು ಊರಿಗೆ ಸಾರಲಿಕ್ಕಲ್ಲ. ಊರಿಗೆ ಹೋಗುವಾಗ ನಾವು ಚೌಕದಲ್ಲಿ ಹರಾಜಿನ ಅಂಗಿ ಕೊಂಡರೂ ಅದರ ಬೆಲೆಯ ಚೀಟಿಯನ್ನು ಹರಿದುಹಾಕಿಯೇ ಬಸ್ಸು ಹತ್ತುತ್ತೇವೆ. ನ್ಯಾನೋದ ಮೇಲಿನ ಚೀಟಿಯನ್ನು ಯಾರಿಂದಲೂ ಹರಿಯಲಾಗಲಿಲ್ಲ.

ಮಾಲು ಮಾಡುವವರಿಗಿಂತ ಮಾಲು ಮುಟ್ಟುವವರಿಗೆ ಸೋಲಿನ ವಾಸನೆ ಮೊದಲು ಹತ್ತುತ್ತದೆಂಬುದು ನಮ್ಮ ಅನುಭವ. ಅಮೇರಿಕದ ಕೋಕಾಕೋಲಾ ಕಂಪನಿ 1985ರ ಏಪ್ರಿಲಿನಲ್ಲಿ ತನ್ನ ಪಾನೀಯದ ರುಚಿಯನ್ನೇ ಬದಲಿಸಿತು. ಎರಡು ಲಕ್ಷದಷ್ಟು ಜನರಿಗೆ ಕುಡಿಸಿ ನೋಡಿಯೇ ಬದಲಿಸಿದ್ದು! ಜನರು ಸಿಡಿದೆದ್ದರು, ಜುಲೈಯಲ್ಲಿ ಹಳೆಯದನ್ನು ಮರಳಿ ತರಬೇಕಾಯಿತು. ಫೋರ್ಡ್ ಕಂಪನಿಯ ಎಡ್ಸೆಲ್ ಮೋಟಾರು 1957ರಲ್ಲಿ ಬಂದು 1959ರಲ್ಲಿ 25 ಕೋಟಿ ಡಾಲರಿನಷ್ಟು ನಷ್ಟ ಹೊತ್ತು ಹೋಯಿತು. ನಮ್ಮ ಹೊಟೇಲುಗಳಲ್ಲಿ ಸಾಂಬಾರಿನ ಪುಡಿ ಬದಲಾದರೆ ಮೊದಲ ದಿನ ಹತ್ತು ಗಂಟೆಯೊಳಗೆ ಸಪ್ಲಾಯರನಿಗೆ ತಿಳಿಯುತ್ತದೆ. ಬಟ್ಟಲಿನಲ್ಲಿ ಎಷ್ಟು ಉಳಿಯಿತೆಂಬುದನ್ನು ನೋಡುವವನು ಅವನು, ತೊಳೆಯುವವನು ಕ್ಲೀನರು. ಗಲ್ಲೆಯ ಮೇಲೆ ಕುಳಿತವರಿಗೆ ಅದು ತಿಳಿಯುವುದು ತಿಂಗಳ ಕೊನೆಯಲ್ಲಿ. ಮಗ್ಗದವನಿಗೂ ಹಾಗೆಯೇ: ನೂಲಿನ ಜಾತಿ ಇಳಿದಾಗ, ತಾಕುಗಳು ಗೋದಾಮಿನಿಂದ ಏಳದಿದ್ದಾಗ, ಪಗಾರ 7ರ ಬದಲು 15ಕ್ಕೆ ಬಂದಾಗ ಅವನಿಗೆ ಗೊತ್ತಾಗುತ್ತದೆ. ಯಾರೂ ಅವನನ್ನು ಕೇಳುವುದಿಲ್ಲ.

ನ್ಯಾನೋ ಸತ್ತರೂ ಸಾಣಂದದ ಕಾರ್ಖಾನೆ ಸಾಯಲಿಲ್ಲ ಎಂಬುದನ್ನು ಗಮನಿಸಬೇಕು. ಅದೇ ಮಾಡಿನ ಕೆಳಗೆ ಟಿಯಾಗೊ, ಟಿಗೋರ್ ಗಾಡಿಗಳು ತಯಾರಾದವು. ಮಾಲು ಸೋತಿತು, ಕೆಲಸ ಉಳಿಯಿತು. ಪಕ್ಕದ ಫೋರ್ಡಿನ ಕಥೆ ಅರ್ಧ ಹೀಗೆ, ಅರ್ಧ ಹಾಗೆ. 2015ರ ಮಾರ್ಚಿನಲ್ಲಿ ಬಾಜಾಬಜಂತ್ರಿಯಿಂದ ತೆರೆದು, 2021ರ ಸೆಪ್ಟೆಂಬರಿನಲ್ಲಿ ಮುಚ್ಚುತ್ತೇವೆಂದರು. ಹತ್ತು ವರ್ಷಗಳಲ್ಲಿ 200 ಕೋಟಿ ಡಾಲರು ನಷ್ಟವಾಯಿತಂತೆ. 2022ರಲ್ಲಿ ಟಾಟಾದವರು 725.7 ಕೋಟಿ ರೂಪಾಯಿಗೆ ಅದನ್ನು ಕೊಂಡು, ಅಲ್ಲಿಯ ಅರ್ಹ ಕೆಲಸಗಾರರಿಗೆ ಕೆಲಸ ಕೊಡುವ ಮಾತನ್ನು ಕರಾರಿನಲ್ಲಿಯೇ ಬರೆದರು. ಆ ಒಂದು ಸಾಲು ಕರಾರಿಗೆ ಬಿದ್ದದ್ದು ದೊಡ್ಡ ಮಾತು.

ವಡೋದರೆಯ ಬದಿಯ ಹಾಲೋಲದಲ್ಲಿ ಆದದ್ದು ಬೇರೆ. ಜನರಲ್ ಮೋಟಾರ್ಸ್ 1996ರಿಂದ ಅಲ್ಲಿ ಗಾಡಿ ಮಾಡುತ್ತಿತ್ತು. 2017ರ ಏಪ್ರಿಲಿನಲ್ಲಿ ಬಾಗಿಲು ಹಾಕಿತು. ಹಣ ಪಡೆದು ಮನೆಗೆ ಹೋಗಿ, ಇಲ್ಲವೇ ಮಹಾರಾಷ್ಟ್ರದ ತಳೇಗಾವಿಗೆ ಬದಲಿ ಹೋಗಿ ಎಂದು ಕೆಲಸಗಾರರಿಗೆ ಹೇಳಿದರು. ಮನೆಮಠ ಬಿಟ್ಟು ತಳೇಗಾವಿಗೆ ಹೋದವರಿಗೆ 2020ರ ಡಿಸೆಂಬರಿನಲ್ಲಿ ಅಲ್ಲಿಯೂ ಯಂತ್ರಗಳು ನಿಂತವು. ಹಾಲೋಲದ ಜಾಗದಲ್ಲಿ ಬೇರೆ ಕಂಪನಿ ಬಂದು 2019ರಿಂದ ಬೇರೆ ಹೆಸರಿನ ಗಾಡಿ ತಯಾರಾಗುತ್ತಿದೆ. ಗೋಡೆ ಅದೇ, ಗೇಟು ಅದೇ. ಒಳಗೆ ಹೋಗುವವರು ಬೇರೆ.

ಸೋಲಿನ ಮಾತು ಬಂದಾಗ ನಮ್ಮ ನಾಡಿನ ಎಚ್‌ಎಂಟಿ ಗಡಿಯಾರವನ್ನು ಮರೆತರೆ ಅನ್ಯಾಯವಾದೀತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆಯದು. ಜನತಾ, ಸೋನಾ, ಪೈಲಟ್, ಕಾಂಚನ್ — ಹೆಸರು ಹೇಳಿದರೆ ಸಾಕು, ನಮ್ಮ ಹಿರಿಯರ ಮುಖ ಅರಳುತ್ತದೆ. ಅಳಿಯನಿಗೆ ಮದುವೆಯಲ್ಲಿ ಕೊಡುವುದೂ ಎಚ್‌ಎಂಟಿ, ಪರೀಕ್ಷೆಯಲ್ಲಿ ಪಾಸಾದ ಮಗನಿಗೆ ತಂದೆ ಮುಂಬಯಿಯಿಂದಲೋ ಸೂರತ್ತಿನಿಂದಲೋ ಒಯ್ಯುವುದೂ ಎಚ್‌ಎಂಟಿ. ಕಾಂಚನಕ್ಕೆ ಕಾಳಸಂತೆಯೇ ಹುಟ್ಟಿತ್ತು. ಬೆಳಿಗ್ಗೆ ಎದ್ದು ಕೀಲಿ ಕೊಡುವುದು ದೇವರಿಗೆ ದೀಪ ಹಚ್ಚಿದಂತೆ ಒಂದು ನಿತ್ಯಕರ್ಮ. ಬ್ಯಾಟರಿಯ ಕ್ವಾರ್ಟ್ಜ್ ಗಡಿಯಾರ ಬಂದಾಗ ಎಚ್‌ಎಂಟಿಗೆ ಅದನ್ನು ಮಾಡಲು ಬಾರದೆ ಇರಲಿಲ್ಲ, ಮಾಡಿಯೂ ಇತ್ತು. ಆದರೆ ಜನರು ಕೀಲಿಯ ಗಡಿಯಾರವನ್ನು ಬಿಡಲಾರರೆಂದು ನಂಬಿ ಕುಳಿತಿತು. 1984ರಲ್ಲಿ ಸ್ಥಾಪಿತವಾದ ಟೈಟನ್, ಗಡಿ ದಾಟಿದರೆ ಸಿಗುವ ಹೊಸೂರಿನಲ್ಲಿ, ತೆಳ್ಳಗಿನ ಕ್ವಾರ್ಟ್ಜ್ ಗಡಿಯಾರಗಳನ್ನು ಒಡವೆಯಂತೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರಿತು. 2016ರ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲ ಎಚ್‌ಎಂಟಿ ವಾಚಸ್ಸನ್ನು ಮುಚ್ಚುವ ನಿರ್ಣಯ ಮಾಡಿತು. ಈಗ ಹಳೆಯ ಎಚ್‌ಎಂಟಿಯನ್ನು ಹುಡುಕಿ ಹೆಚ್ಚಿನ ಬೆಲೆಗೆ ಕೊಳ್ಳುವ ಶೋಕಿಯವರು ಹುಟ್ಟಿಕೊಂಡಿದ್ದಾರೆ. ಕಾರ್ಖಾನೆ ಬದುಕಿದ್ದಾಗ ಇವರೆಲ್ಲ ಎಲ್ಲಿದ್ದರೋ!

ಎಚ್‌ಎಂಟಿಯ ಕೆಲಸಗಾರರೂ ಪಗಾರಕ್ಕಾಗಿ ತಿಂಗಳುಗಟ್ಟಲೆ ಕಾದಿದ್ದುಂಟು. ಆದರೂ ಅದು ಸರಕಾರದ ಕಾರ್ಖಾನೆಯಾದುದರಿಂದ ಮುಚ್ಚುವ ನಿರ್ಣಯದೊಡನೆಯೇ, 2007ರ ವೇತನಶ್ರೇಣಿಯ ಲೆಕ್ಕ ಹಿಡಿದು, ಸ್ವಯಂನಿವೃತ್ತಿಯ ಹಣವೂ ಮಂಜೂರಾಯಿತು. ಅದೇ ಬೆಂಗಳೂರಿನ ಕಿಂಗ್‌ಫಿಶರ್ ವಿಮಾನ ಕಂಪನಿಯನ್ನು ನೋಡಿ. 2005ರಲ್ಲಿ ಹಾರಿತು, 2007ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥರ ಅಗ್ಗದ ವಿಮಾನಗಳ ಡೆಕ್ಕನ್ ಕಂಪನಿಯನ್ನು ನುಂಗಿತು, 2012ರ ಅಕ್ಟೋಬರಿನಲ್ಲಿ ನೆಲ ಹಿಡಿಯಿತು. ಕೆಲಸಗಾರರಿಗೆ ಎಷ್ಟೋ ತಿಂಗಳ ಪಗಾರ ಬರಬೇಕಿತ್ತು. ಬ್ಯಾಂಕುಗಳ ಸಾವಿರಾರು ಕೋಟಿ ಬಾಕಿಯ ಸುದ್ದಿ ದೇಶವೆಲ್ಲ ಓದಿತು, ವಿಮಾನದ ಮೆಟ್ಟಲು ತಳ್ಳುತ್ತಿದ್ದವನ ಬಾಕಿಯ ಸುದ್ದಿ ಓದಿದವರೆಷ್ಟು? 2016ರ ಮಾರ್ಚಿನಲ್ಲಿ ಮಾಲಿಕರು ವಿಲಾಯತಿಗೆ ಹೋದರು.

ಮಾಲಿಕರೆಲ್ಲರೂ ಹಾಗೆಂದು ನಾವು ಹೇಳಲಾರೆವು. ಹೊಟೇಲಿನಲ್ಲಿ ಗ್ಲಾಸು ತೊಳೆದು ಮೇಲೆ ಬಂದು, ಸ್ವಂತದ ಹೊಟೇಲು ತೆರೆದು, ಬಾಡಿಗೆ ಏರಿ ಸೋತು, ಹೆಂಡತಿಯ ಕರಿಮಣಿ ಮಾರಿ ಹುಡುಗರ ಪಗಾರ ತೀರಿಸಿದ ಧಣಿಗಳೂ ನಮ್ಮವರಲ್ಲಿದ್ದಾರೆ. ಧಂದೆ ಮಾಡಿದವನು ಸೋಲಬಾರದೆಂದು ಯಾವ ಕಾಯಿದೆಯೂ ಹೇಳಲಾಗದು. ನಮ್ಮ ತಕರಾರು ಸೋಲಿನ ಮೇಲಲ್ಲ, ಸೋಲನ್ನು ಹಂಚುವ ರೀತಿಯ ಮೇಲೆ. ಗೆದ್ದಾಗ ಲಾಭದಲ್ಲಿ ಕೊನೆಯ ಪಂಕ್ತಿಯಲ್ಲಿ ಕುಳಿತವನು ಸೋತಾಗ ಮೊದಲ ಪಂಕ್ತಿಯಲ್ಲಿ ಏಕೆ ಕೂರಬೇಕು?

ಅಹಮದಾಬಾದಿನ ಮುಚ್ಚಿದ ಗಿರಣಿಗಳ ಬಾಕಿಯನ್ನೇ ನೋಡಿರಿ. ಹೈಕೋರ್ಟಿನ ಲಿಕ್ವಿಡೇಟರರ ಕೈಗೆ ಗಿರಣಿ ಹೋಗಿ, ನೆಲ ಮಾರಾಟವಾಗಿ, ಗ್ರಾಚ್ಯುಯಿಟಿಯ ಹಣ ಕೈಗೆ ಬರುವಷ್ಟರಲ್ಲಿ ವರ್ಷಗಳೇ ಉರುಳಿದವು. ಎಷ್ಟೋ ಕಡೆ ಹಣ ಪಡೆಯಲು ಬಂದವರು ವಿಧವೆಯರು. ಆ ಹಣ ಅಷ್ಟಾದರೂ ದಕ್ಕಿದ್ದು ಏಕೆಂದರೆ ಮಜೂರ ಮಹಾಜನದ ದಫ್ತರದಲ್ಲಿ ಅವರ ಹೆಸರು, ಟಿಕೆಟ್ ನಂಬರು, ಸೇರಿದ ತಾರೀಖು ಇತ್ತು. ಕಾಗದ ಇಲ್ಲದ ಬದಲಿ ಕೆಲಸಗಾರನು ಮೂವತ್ತು ವರ್ಷ ದುಡಿದಿದ್ದರೂ ಲೆಕ್ಕಕ್ಕೆ ಬರಲಿಲ್ಲ.

ಈಗಿನ ಕಾಯಿದೆಯ ಸ್ಥಿತಿಯನ್ನು ನಮ್ಮ ಬಾಂಧವರು ತಿಳಿದಿರಬೇಕು. 2016ರ ದಿವಾಳಿ ಕಾಯಿದೆಯ ಪ್ರಕಾರ ಕಂಪನಿ ಹರಾಜಿಗೆ ಬಂದರೆ ಹಿಂದಿನ 24 ತಿಂಗಳ ಕೂಲಿ ಬಾಕಿಯು, ಅಡವು ಹಿಡಿದ ಬ್ಯಾಂಕಿನ ಸಾಲಕ್ಕೆ ಸರಿಸಮನಾಗಿ ಸಲ್ಲಬೇಕು. ಪ್ರಾವಿಡೆಂಟ್ ಫಂಡ್, ಪಿಂಚಣಿ ಮತ್ತು ಗ್ರಾಚ್ಯುಯಿಟಿ ಫಂಡುಗಳ ಹಣವನ್ನು ಸಾಲಗಾರರಿಗೆ ಹಂಚುವಂತೆಯೇ ಇಲ್ಲ. ಇದು ಒಳ್ಳೆಯ ಮಾತು. ಆದರೆ ಪ್ರಕಟಣೆ ಬಂದೊಡನೆ, ಅದರಲ್ಲಿ ಕೊಟ್ಟ ತಾರೀಖಿನೊಳಗೆ — ಸಾಮಾನ್ಯವಾಗಿ 14 ದಿನ — ಹಕ್ಕಿನ ಅರ್ಜಿ ಕೊಡಬೇಕು. ಆ ಪ್ರಕಟಣೆ ಬರುವುದು ಇಂಗ್ಲಿಷು ಮತ್ತು ಗುಜರಾತಿ ಪತ್ರಿಕೆಗಳ ಮೂಲೆಯಲ್ಲಿ. ಕನ್ನಡಿಗನು ಅದನ್ನು ಓದುವುದು ಯಾವಾಗ?

ಇನ್ನೊಂದು ಕಡೆ ಹಗ್ಗ ಸಡಿಲಾಗಿದೆ. ಮೊದಲು 100 ಜನರಿರುವ ಕಾರ್ಖಾನೆಯನ್ನು ಮುಚ್ಚಬೇಕಾದರೆ ಸರಕಾರದ ಅಪ್ಪಣೆ ಬೇಕೆಂದು ಕೇಂದ್ರದ ಕಾಯಿದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಆ ಸಂಖ್ಯೆ 300ಕ್ಕೆ ಏರಿದೆ. ಕತಾರ್‌ಗಾಮಿನ ಮಗ್ಗದ ಶೆಡ್ಡುಗಳಲ್ಲಿ, ನಮ್ಮ ಹೊಟೇಲುಗಳಲ್ಲಿ 300 ಜನ ಎಲ್ಲಿದ್ದಾರೆ? ಅಂದಮೇಲೆ ಬಾಗಿಲಿಗೆ ಬೀಗ ಬಿದ್ದ ದಿನ ನಮ್ಮನ್ನು ಕಾಯುವುದು ಸರಕಾರದ ಅಪ್ಪಣೆಯಲ್ಲ, ನಮ್ಮ ಕೈಯಲ್ಲಿರುವ ಕಾಗದ. ಅದೇ ಹೊಸ ಸಂಹಿತೆಗಳು ಪ್ರತಿಯೊಬ್ಬ ಕೆಲಸಗಾರನಿಗೂ ನೇಮಣೂಕಿಯ ಪತ್ರ ಕೊಡಬೇಕೆಂದು ಹೇಳುತ್ತವೆ. ನಿಗದಿತ ಮುದ್ದತಿನ ಕರಾರಿನವನಿಗೆ ಒಂದು ವರ್ಷ ದುಡಿದರೂ ಗ್ರಾಚ್ಯುಯಿಟಿ ಉಂಟೆಂದು ಬರೆದಿದೆ. ಕಾಯಂ ಕೆಲಸಗಾರನಿಗೆ ಐದು ವರ್ಷ ತುಂಬಬೇಕು, ವರ್ಷಕ್ಕೆ 15 ದಿನಗಳ ಪಗಾರದ ಲೆಕ್ಕ. ಹಗ್ಗದ ಒಂದು ತುದಿಯನ್ನು ಸಡಿಲಿಸಿದವರು ಇನ್ನೊಂದು ತುದಿಯನ್ನು ನಮ್ಮ ಕೈಗೆ ಕೊಟ್ಟಿದ್ದಾರೆ. ಹಿಡಿಯದೆ ಬಿಟ್ಟರೆ ಅದು ನೆಲದ ಮೇಲೆಯೇ ಬಿದ್ದಿರುತ್ತದೆ.

ಆದುದರಿಂದ ಈ ಕೆಲವು ಮಾತುಗಳನ್ನು ನೆನಪಿಡಬೇಕೆಂದು ಕೇಳಿಕೊಳ್ಳುತ್ತೇವೆ. ‘ನೀನು ನಮ್ಮವನೇ, ನಿನಗೇಕೆ ಕಾಗದ’ ಎಂಬ ಧಣಿಯ ಪ್ರೀತಿಯ ಮಾತಿಗೆ ಕರಗದೆ ಪತ್ರ ಕೇಳಿರಿ. ಊರವರೆಂಬ ದಾಕ್ಷಿಣ್ಯ ಹೊಟೇಲಿನಲ್ಲಿ ಹೆಚ್ಚು, ಅದು ನಮಗೆ ಗೊತ್ತು; ಆದರೆ ಹೊಟೇಲು ಮಾರಾಟವಾದ ಮೇಲೆ ಹೊಸ ಧಣಿಗೆ ನೀವು ಯಾವ ಊರವರು? 20 ಜನರಿರುವಲ್ಲಿ ಪ್ರಾವಿಡೆಂಟ್ ಫಂಡು ಕಡ್ಡಾಯ. ನಿಮ್ಮ ಪಗಾರದಿಂದ ಶೇಕಡಾ 12 ಕಡಿದರೆ ಧಣಿಯೂ ಅಷ್ಟೇ ಸೇರಿಸಿ ತುಂಬಬೇಕು. ಕಡಿದದ್ದು ಪಗಾರದ ಚೀಟಿಯಲ್ಲಿ ಕಾಣುತ್ತದೆ, ತುಂಬಿದ್ದು ಪಾಸ್‌ಬುಕ್ಕಿನಲ್ಲಿ ಮಾತ್ರ ಕಾಣುತ್ತದೆ. ಇವೆರಡೂ ಬೇರೆ ಬೇರೆ ಸಂಗತಿಗಳು. ಊರಿಗೆ ಹೋಗುವಾಗ ಒಟ್ಟಿಗೆ ಕೊಡಿ ಎಂದು ಪಗಾರವನ್ನು ಧಣಿಯ ಗಲ್ಲೆಯಲ್ಲಿಯೇ ಜಮಾ ಬಿಡುವ ಹಳೆಯ ವಾಡಿಕೆಯನ್ನು ಇನ್ನಾದರೂ ಬಿಡಬೇಕು. ಧಣಿ ಎಷ್ಟೇ ಒಳ್ಳೆಯವನಿರಲಿ, ಅವನ ಧಂದೆ ಮುಳುಗಿದ ದಿನ ಆ ಜಮೆಗೆ ಬ್ಯಾಂಕಿನ ಭದ್ರತೆ ಇಲ್ಲ.

ಧಣಿಗಳಿಗೂ ಒಂದು ಮಾತು. ಮಾಲು ಹೋಗುತ್ತಿಲ್ಲವೆಂದು ತಿಳಿದ ದಿನವೇ ಕೆಲಸಗಾರರನ್ನು ಕರೆದು ಹೇಳಿದರೆ ನಿಮ್ಮ ಮಾನವೇನೂ ಹೋಗದು. ದೀಪಾವಳಿಯ ರಜೆಯೆಂದು ಊರಿಗೆ ಕಳುಹಿಸಿ ಬೀಗ ಹಾಕುವುದರಲ್ಲಿ ಹೋಗುತ್ತದೆ. ರೈಲಿನ ಟಿಕೇಟಿನ ಹಣವಾದರೂ ಉಳಿಯುತ್ತಿತ್ತೆಂದು ಎರಡು ದಿನ ಪ್ರಯಾಣ ಮಾಡಿ ಮರಳಿ ಬಂದು ಗೇಟಿನೆದುರು ನಿಂತವನು ಅನ್ನುತ್ತಾನೆ.

ಫಂಡಿನ ಪಾಸ್‌ಬುಕ್ಕು ಈಗ ಮೊಬೈಲಿನಲ್ಲಿಯೇ ಸಿಗುತ್ತದೆ. ಆದರೆ ಅದರ ಭಾಷೆ ಇಂಗ್ಲಿಷು, ಅಥವಾ ಹಿಂದಿ. ಓದಲು ತೊಡಕಾಗುವ ಬಾಂಧವರು ತಮ್ಮ ಯುಎಎನ್ ನಂಬರು ಮತ್ತು ಕಳೆದ ಮೂರು ತಿಂಗಳ ಪಗಾರದ ಚೀಟಿಗಳನ್ನು ತೆಗೆದುಕೊಂಡು ವಾರದ ರಜೆಯ ದಿನ ಸಂಘದ ಕಚೇರಿಗೆ ಬರಬಹುದು. ಚೀಟಿಯೇ ಕೊಡದ ಕಡೆ ಕೆಲಸ ಮಾಡುವವರು ಮೊದಲು ಬರಲಿ.